ಕಾಡಿನ ಚಿತ್ರ ಕಲಿಯುವ ಹುಡುಗನ ತಂದೆತಾಯಿಗಳಿಗೆ

ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕಾರ್ಕಳಕ್ಕೆ ಇಳಿಯುವ ದಾರಿಯಲ್ಲಿ, ತುಂಗಾನದಿಯ ಮಗ್ಗುಲಲ್ಲಿ, ನೆಮ್ಮಾರ್ ಎಂಬ ಊರಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಆ ಕಡೆಯ ಗೃಹಸ್ಥರೊಬ್ಬರು ಕಳೆದ ತಿಂಗಳು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಅವರ ಮಗನು ಕಾಲೇಜಿನಲ್ಲಿ ಓದುತ್ತಿರುವನು. ರಜೆಗೆ ಊರಿಗೆ ಬಂದಾಗಲೆಲ್ಲ ಕ್ಯಾಮರಾವನ್ನು ಹೆಗಲಿಗೆ ಹಾಕಿಕೊಂಡು ತೋಟ, ಹಳ್ಳ, ಬ್ಯಾಣಗಳಲ್ಲಿ ಸುತ್ತುವನು; ಮೃಗಪಕ್ಷಿಗಳ ಛಾಯಾಚಿತ್ರ ತೆಗೆಯುವ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕೆಂದು ಹಟ ಹಿಡಿದಿರುವನು. ದೂರದ್ದನ್ನು ಹತ್ತಿರಕ್ಕೆ ತರುವ ದೊಡ್ಡ ಲೆನ್ಸಿನ ಬೆಲೆಯಲ್ಲಿ ಒಂದು ವರ್ಷದ ಕೊನೆಕೊಯ್ಲಿನ ಕೂಲಿಯೇ ತೀರಿಹೋಗುವುದೆಂದು ತಂದೆಯ ಚಿಂತೆ. ತಾಯಿಯ ಚಿಂತೆ ಬೇರೆ. ಅಂಗಳದ ಗಿಡದಲ್ಲಿದ್ದ ಪಿಕಳಾರದ ಗೂಡಿನ ಚಿತ್ರಕ್ಕಾಗಿ ಹುಡುಗನು ಅಡ್ಡವಾಗಿದ್ದ ಎರಡು ರೆಂಬೆಗಳನ್ನು ಕತ್ತರಿಸಿದನಂತೆ. ಚಿತ್ರವು ಬಹು ಚೆನ್ನಾಗಿ ಬಂದಿತಂತೆ. ಮೂರನೆಯ ದಿನ ಗೂಡು ಬರಿದಾಗಿತ್ತಂತೆ. ತಂದೆಯವರು ಕೇಳಿದ್ದು ಲೆನ್ಸನ್ನು ಕೊಡಿಸಬಹುದೇ ಎಂದು. ನಮಗಾದರೋ ತಾಯಿಯ ಮಾತೇ ಹಿರಿದಾಗಿ ತೋರಿತು.

ಆದಕಾರಣ ಗೂಡಿನ ವಿಚಾರವನ್ನೇ ಮೊದಲು ಎತ್ತಿಕೊಳ್ಳುವೆವು. ಪಿಕಳಾರವು ಮನುಷ್ಯರ ನೆರೆಗೆ ಅಂಜದ ಹಕ್ಕಿ. ಮನೆಯ ಮುಂದಣ ಹೂವಿನ ಪೊದೆಯಲ್ಲಿಯೇ ಬಟ್ಟಲಿನಂಥ ಗೂಡು ಕಟ್ಟಿ ಎರಡೋ ಮೂರೋ ಮೊಟ್ಟೆಗಳನ್ನಿಡುವುದು. ಸುಮಾರು ೧೨ ದಿನ ಕಾವು. ಮರಿಗಳು ಗೂಡು ಬಿಡುವುದಕ್ಕೆ ಮತ್ತೆ ಹೆಚ್ಚುಕಡಮೆ ಅಷ್ಟೇ ದಿನ. ಈ ಮೂರು ಮೂರೂವರೆ ವಾರಗಳ ಕಾಲ ಸುತ್ತಲಿನ ಎಲೆಗಳೇ ಅದಕ್ಕೆ ಮಾಡು, ಗೋಡೆ, ಬಾಗಿಲು. ರೆಂಬೆಯನ್ನು ಕತ್ತರಿಸಿದಾಗ ಕ್ಯಾಮರಾಕ್ಕೆ ಗೂಡು ಕಂಡಂತೆಯೇ ಕಾಗೆಗೂ ಕೆಂಬೂತಕ್ಕೂ ಕಾಣುವುದು. ಕೇರೆಹಾವಿಗೂ ದಾರಿ ಸುಲಭವಾಗುವುದು. ಪುಕ್ಕ ಮೂಡದ ಮರಿಗೆ ತನ್ನ ಮೈಯ ಬಿಸುಪನ್ನು ಹತೋಟಿಯಲ್ಲಿಟ್ಟುಕೊಳ್ಳುವ ಶಕ್ತಿಯಿಲ್ಲ. ನೇರ ಬಿಸಿಲು ಬಿದ್ದರೆ ತಾಯಿ ರೆಕ್ಕೆ ಹರಡಿ ನೆರಳು ಮಾಡಬೇಕು. ಆ ತಾಯಿಯಾದರೂ ಮನುಷ್ಯನು ಎದುರಿಗೆ ನಿಂತಿರುವಷ್ಟು ಹೊತ್ತು ಗೂಡಿಗೆ ಬಾರದು. ಹುಡುಗನ ಅರ್ಧ ಗಂಟೆಯ ಸಂತೋಷವು ಮರಿಗೆ ಅರ್ಧ ಗಂಟೆಯ ಉಪವಾಸವೂ ಬಿಸಿಲೂ ಆಗುವುದು. ಇದಾವುದೂ ಚಿತ್ರದಲ್ಲಿ ಕಾಣದು. ನೆಮ್ಮಾರಿನ ಆ ಗೂಡನ್ನು ರೆಂಬೆ ಕತ್ತರಿಸದಿದ್ದರೂ ಕಾಗೆ ಕಂಡುಹಿಡಿಯುತ್ತಿತ್ತೋ ಏನೋ. ಎಷ್ಟೋ ಗೂಡುಗಳು ಹಾಗೂ ಕೆಡುವುವು. ಆದರೆ ಈ ಸಲ ಕತ್ತರಿ ಯಾರ ಕೈಯಲ್ಲಿತ್ತೆಂಬುದು ತಾಯಿಗೆ ಗೊತ್ತು, ಮಗನಿಗೂ ಗೊತ್ತು.

ವಿಚಿತ್ರವೇನೆಂದರೆ, ಈ ವಿದ್ಯೆ ಹುಟ್ಟಿದ್ದೇ ಗೂಡಿನ ಬಳಿಯಲ್ಲಿ. ೧೮೯೨ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು ಮೊಟ್ಟೆಗಳಿದ್ದ ಒಂದು ಹಕ್ಕಿಗೂಡಿನ ಚಿತ್ರವನ್ನು ತೆಗೆದರು. ೧೮೯೫ರಲ್ಲಿ ಬರಿಯ ಛಾಯಾಚಿತ್ರಗಳಿಂದಲೇ ಅಲಂಕೃತವಾದ ಗೂಡುಗಳ ಪುಸ್ತಕವನ್ನು ಹೊರತಂದರು. ಆ ಕಾಲದ ಗಾಜಿನ ಫಲಕಗಳು ಬಹು ನಿಧಾನ. ಲೆನ್ಸುಗಳಿಗೆ ದೂರದ ದೃಷ್ಟಿಯಿಲ್ಲ. ಹಕ್ಕಿಯು ಒಂದೇ ಕಡೆ ಕುಳಿತಿರುವ ಸ್ಥಳವೆಂದರೆ ಗೂಡೊಂದೇ. ಹುಲ್ಲುಗಾವಲಿನ ಹಕ್ಕಿಗಳನ್ನು ಸಮೀಪಿಸುವುದಕ್ಕಾಗಿ ಅವರು ಎತ್ತಿನ ಚರ್ಮದಿಂದ ಒಂದು ಪೊಳ್ಳು ಎತ್ತನ್ನೇ ಮಾಡಿಸಿ, ಅದರ ಹೊಟ್ಟೆಯಲ್ಲಿ ಕ್ಯಾಮರಾದೊಡನೆ ಅಡಗಿ ನಿಲ್ಲುತ್ತಿದ್ದರಂತೆ! ಅವರಿಗೆ ಗೂಡನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಈಗಿನವರಿಗೆ ಆ ನೆಪವಿಲ್ಲ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಹಾರುವ ರೆಕ್ಕೆಯನ್ನು ಹಿಡಿದು ನಿಲ್ಲಿಸುವ ಯಂತ್ರವು ಕೈಯಲ್ಲಿರುವಾಗ ಗೂಡನ್ನು ಕೆದಕುವುದು ಸೋಮಾರಿತನವೇ ಸರಿ. ಕಲಿಯುವವನು ಗೂಡಿನ ಚಿತ್ರಕ್ಕೆ ಕೈಹಾಕಲೇಬಾರದೆಂದು ನಮ್ಮ ಅಭಿಪ್ರಾಯ.

ಇನ್ನು ಲೆನ್ಸಿನ ಮಾತು. ನಮ್ಮ ಉತ್ತರವು ಚಿಕ್ಕದು: ಮೊದಲ ವರ್ಷ ಬೇಡ. ಲೋಭದಿಂದ ಹೇಳುವ ಮಾತಲ್ಲ ಇದು. ಯಂತ್ರವು ದೊಡ್ಡದಾದಷ್ಟೂ ಕಲಿಯುವವನು ದೊಡ್ಡ ಮೃಗವನ್ನೇ ಹುಡುಕುವನು; ಹುಲಿ ಸಿಕ್ಕದ ದಿನ ಏನೂ ಸಿಕ್ಕಲಿಲ್ಲವೆಂದು ಮನೆಗೆ ಬರುವನು. ನೆಮ್ಮಾರಿನಂಥ ಊರಿನಲ್ಲಿ ಹುಟ್ಟಿದವನಿಗೆ ಏನೂ ಸಿಕ್ಕಲಿಲ್ಲವೆಂದರೆ ಏನು ಹೇಳೋಣ! ಮಳೆ ಹಿಡಿದ ಮುಂಜಾವಿನಲ್ಲಿ ಹಳ್ಳದ ಮಗ್ಗುಲ ಬಂಡೆಯ ಮೇಲೆ ಕುಳಿತು ಮನುಷ್ಯರಂತೆಯೇ ಸಿಳ್ಳು ಹಾಕುವ ಸಿಳ್ಳಾರವಿದೆ. ಕಪ್ಪೆಂದು ತೋರುವ ಅದರ ಮೈ ಬೆಳಕು ಬಿದ್ದೊಡನೆ ನೀಲಿಯಾಗುವುದು. ಹಾರುವ ಕಪ್ಪೆಯು ಮಳೆಗಾಲದಲ್ಲಿ ನೀರಿನ ಮೇಲಕ್ಕೆ ಚಾಚಿದ ಎಲೆಗಳಲ್ಲಿ ನೊರೆಯ ಮುದ್ದೆ ಕಟ್ಟಿ ಮೊಟ್ಟೆಯಿಡುವುದು. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ಅಲ್ಲಿಂದ ಕೆಳಗಣ ನೀರಿಗೆ ಉದುರುವುವು. ಚಗಳಿ ಇರುವೆಗಳು ಎಲೆಗಳನ್ನು ಜೊತೆಗೂಡಿ ಎಳೆದು ಹಿಡಿದು, ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಅವುಗಳಿಂದ ಒಸರುವ ರೇಷ್ಮೆಯಿಂದ ಎಲೆಯ ಅಂಚನ್ನು ಹೊಲಿಯುವುವು. ಸೂಜಿದಾರ ಹಿಡಿದು ಬಲ್ಲ ತಾಯಂದಿರು ಒಮ್ಮೆ ಮಗನ ಪಕ್ಕದಲ್ಲಿ ನಿಂತು ಇದನ್ನು ನೋಡತಕ್ಕದ್ದು. (ಚಗಳಿ ಚಟ್ನಿಯ ಪ್ರಿಯರು ಒಂದು ಕೊಟ್ಟೆಯನ್ನಾದರೂ ಹುಡುಗನಿಗೆಂದು ಮರದಲ್ಲಿ ಉಳಿಸಬೇಕೆಂದು ಪ್ರಾರ್ಥನೆ.) ಇವುಗಳಲ್ಲಿ ಯಾವುದಕ್ಕೂ ದೊಡ್ಡ ಲೆನ್ಸು ಬೇಕಿಲ್ಲ. ಬೇಕಾದದ್ದು ಒಂದು ಮುಕ್ಕಾಲಿ, ಉಂಬಳಗಳಿಗೆ ಹೆದರದ ಕಾಲು, ಮತ್ತು ಕಾಯುವ ಸ್ವಭಾವ.

ಬೆಳಕಿನ ವ್ಯವಹಾರವನ್ನು ಮನೆಯವರಿಗೂ ತಿಳಿಯುವಂತೆ ಹೇಳಬಹುದು. ಕೊಡಪಾನ ತುಂಬಬೇಕಾದರೆ ನಲ್ಲಿಯನ್ನು ಹೆಚ್ಚು ತಿರುಗಿಸಬೇಕು, ಇಲ್ಲವೇ ಹೆಚ್ಚು ಹೊತ್ತು ಹಿಡಿಯಬೇಕು. ಕ್ಯಾಮರಾದಲ್ಲಿ ಲೆನ್ಸಿನ ರಂಧ್ರವೇ ನಲ್ಲಿ. ಶಟರ್ ತೆರೆದಿರುವ ಅವಧಿಯೇ ಹೊತ್ತು. ಮರಗಳ ದಟ್ಟ ನೆರಳಿನಲ್ಲಿ, ಅದರಲ್ಲಿಯೂ ಆಷಾಢದ ಮೋಡದಲ್ಲಿ, ನೀರು ಸಣ್ಣಗೆ ಬೀಳುವಂತೆ ಬೆಳಕು ಬೀಳುವುದು. ರಂಧ್ರವನ್ನು ಪೂರಾ ತೆರೆದರೆ ಚಿತ್ರದ ಸ್ವಲ್ಪ ಭಾಗ ಮಾತ್ರ ಸ್ಫುಟ; ಹೆಚ್ಚು ಹೊತ್ತು ತೆರೆದರೆ ಕೈ ನಡುಗಿಯೋ ಹಕ್ಕಿ ಅಲುಗಿಯೋ ಮಸುಕು. ಕಡಮೆ ಬೆಳಕಿನಲ್ಲಿಯೇ ಚಿತ್ರ ಹಿಡಿಯುವಂತೆ ಯಂತ್ರವನ್ನು ಚುರುಕುಗೊಳಿಸುವ ಉಪಾಯವೂ ಉಂಟು; ಅದಕ್ಕೆ ಬೆಲೆಯಾಗಿ ಚಿತ್ರವು ರವೆ ಎರಚಿದಂತೆ ಒರಟಾಗುವುದು. ಈ ಮೂರನ್ನು ತೂಗಿ ನೋಡುವುದೇ ಕೈಗೆ ಬರಬೇಕಾದ ಲೆಕ್ಕ. ಬಯಲುಸೀಮೆಯ ಬಿಸಿಲಿನಲ್ಲಿ ಕಲಿತವರಿಗಿಂತ ಮಲೆನಾಡಿನವನಿಗೆ ಇದು ಬೇಗ ಬಂದೀತು, ಏಕೆಂದರೆ ಅವನಿಗೆ ಬೆಳಕೆಂಬುದು ಎಂದೂ ಧಾರಾಳವಲ್ಲ.

ಹಿಂದಿನವರ ಫಿಲ್ಮಿನ ಸುರುಳಿಯಲ್ಲಿ ೩೬ ಚಿತ್ರಗಳು. ಚೌಕಾಕಾರದ ಚಿತ್ರ ತೆಗೆಯುವ ಕ್ಯಾಮರಾಗಳಲ್ಲಿ ಬರಿಯ ೧೨. ಈಗಿನ ಯಂತ್ರವು ಒಂದೇ ಸೆಕೆಂಡಿನಲ್ಲಿ ಹತ್ತಿಪ್ಪತ್ತು ಚಿತ್ರಗಳನ್ನು ಉಗುಳುವುದು. ಹುಡುಗನು ಒಂದು ವರ್ಷ ಕಾಲ ದಿನಕ್ಕೆ ೧೨ ಚಿತ್ರಗಳಿಗಿಂತ ಹೆಚ್ಚು ತೆಗೆಯಕೂಡದೆಂದು ತಂದೆಯವರು ಕಟ್ಟು ಮಾಡಲಿ. ಪ್ರತಿಯೊಂದು ಚಿತ್ರಕ್ಕೂ ನೋಟ್‌ಪುಸ್ತಕದಲ್ಲಿ ತಾರೀಖು, ಹೊತ್ತು, ಗಿಡದ ಹೆಸರು, ಪ್ರಾಣಿಯು ಏನು ಮಾಡುತ್ತಿತ್ತು, ತನ್ನನ್ನು ಕಂಡ ಮೇಲೆ ಏನು ಮಾಡಿತು, ಇಷ್ಟನ್ನು ಬರೆಯಲಿ. ಕೊನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ. ಪಿಕಳಾರದ ಆ ಚಿತ್ರವನ್ನು ಅಳಿಸಿಹಾಕಬೇಕೆಂದು ಕೆಲವರು ಹೇಳಿಯಾರು, ನಾವು ಹೇಳೆವು. ಅದೇ ಪುಸ್ತಕದ ಮೊದಲ ಚಿತ್ರವಾಗಲಿ. ಅದರ ಕೆಳಗೆ ರೆಂಬೆಗಳ ಸಂಗತಿಯನ್ನೂ ಮೂರನೆಯ ದಿನದ ಸಂಗತಿಯನ್ನೂ ಅವನು ತನ್ನ ಕೈಯಿಂದಲೇ ಬರೆಯಲಿ.

ಗುರುವಿಲ್ಲದೆ ಕಲಿಯಬಹುದೇ? ಕಲಿತವರುಂಟು, ಆದರೆ ತಡವಾಗಿ ಕಲಿತರು. ನಮ್ಮ ನಾಡಿನ ಹೆಸರಾಂತ ವನ್ಯಜೀವಿ ಛಾಯಾಚಿತ್ರಕಾರರಾದ ಟಿ. ಎನ್. ಎ. ಪೆರುಮಾಳ್ ಅವರು (೧೯೩೨–೨೦೧೭) ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಮಾರ್ಗದರ್ಶನದಲ್ಲಿ ಪಳಗಿದರು. ಮುಂದೆ ತಾವೇ ಎಷ್ಟೋ ಮಂದಿ ತರುಣರಿಗೆ ದಾರಿ ತೋರಿಸಿದರು. ಬೆಂಗಳೂರಿನಲ್ಲಿ ೧೯೭೧ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಲ್ಲಿ ಹೊಸಬರು ತಮ್ಮ ಚಿತ್ರಗಳನ್ನು ಹಿರಿಯರ ಮುಂದಿಟ್ಟು ತಪ್ಪುಗಳನ್ನು ಕೇಳಿ ತಿಳಿಯುವರು. ಗುರುವಿನಿಂದ ಆಗುವ ದೊಡ್ಡ ಉಪಕಾರವು ಇದೇ: ನಮ್ಮ ಚಿತ್ರದಲ್ಲಿ ನಮಗೆ ಕಾಣದಿರುವುದನ್ನು ಮತ್ತೊಬ್ಬನು ಕಾಣುವನು. ಹೊಟ್ಟೆಪಾಡಿನ ಚಿಂತೆಯುಳ್ಳ ತಂದೆಯವರಿಗೆ ಇನ್ನೊಂದು ಮಾತು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಸಚಿವರಾಗಿದ್ದವರು. ಅವರ ಕಪ್ಪುಬಿಳುಪು ವನ್ಯಚಿತ್ರಗಳ ಗ್ರಂಥವು ೧೯೮೩ರಲ್ಲಿ ಬೆಳಕು ಕಂಡಿತು. ನಮ್ಮ ಜಿಲ್ಲೆಯವರೇ ಆಗಿ ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಾಫಿ ಬೆಳೆಯುತ್ತ, ಕತೆ ಕಾದಂಬರಿಗಳನ್ನು ಬರೆಯುತ್ತ, ಹಕ್ಕಿಗಳ ಚಿತ್ರಗಳನ್ನು ತೆಗೆದರು. ಓದನ್ನು ಬಿಟ್ಟು ಕಾಡು ಸೇರಬೇಕೆಂದು ಈ ವಿದ್ಯೆ ಯಾರನ್ನೂ ಒತ್ತಾಯಿಸುವುದಿಲ್ಲ.

ಹುಡುಗನು ತೋಟದ ಬೇಲಿಯನ್ನು ದಾಟಿ ಕಾಡಿನ ಕಡೆಗೆ ಹೊರಡುವ ದಿನವೂ ಬರುವುದು. ಆಗ ಅವನಿಗೆ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ನೆಮ್ಮಾರಿನಿಂದ ಮುಂದಣ ಕೆರೆಕಟ್ಟೆಯ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ೧೯೮೦ರ ದಶಕದಲ್ಲಿ ಉಲ್ಲಾಸ ಕಾರಂತರು ಸಿಂಗಳೀಕಗಳನ್ನು ಕುರಿತು ನಡೆಸಿದ ಸಮೀಕ್ಷೆಯು ೧೯೮೭ರಲ್ಲಿ ಆ ಉದ್ಯಾನವು ಏರ್ಪಡುವುದಕ್ಕೆ ಒಂದು ಆಧಾರವಾಯಿತು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಪ್ರಾಣಿ ಅದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇಂಥ ಕಾಡುಗಳೊಳಗೆ ಚಿತ್ರ ತೆಗೆಯಲು ಹೋಗುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಊರಿನವರಾದ ಮಾತ್ರಕ್ಕೆ ಅದು ತಪ್ಪದು. ಕಾಟಿ, ಆನೆಗಳ ಸೀಮೆಯಲ್ಲಿ ಒಂಟಿಯಾಗಿ ತಿರುಗುವುದನ್ನು ಕಾಯಿದೆಯಿಲ್ಲದಿದ್ದರೂ ತಾಯಂದಿರು ತಡೆಯತಕ್ಕದ್ದು. ರಸ್ತೆಯ ಬದಿಯ ಕೋತಿಗೆ ಬಾಳೆಹಣ್ಣು ತೋರಿಸಿ ಚಿತ್ರ ತೆಗೆಯುವುದು ಭಿಕ್ಷೆ ಕಲಿಸಿದಂತೆ. ಈಗಿನ ಫೋನುಗಳೂ ಕೆಲವು ಕ್ಯಾಮರಾಗಳೂ ಚಿತ್ರದೊಡನೆ ಅದನ್ನು ತೆಗೆದ ಸ್ಥಳವನ್ನೂ ಗುಟ್ಟಾಗಿ ಬರೆದಿಡುವುವು. ಅಪರೂಪದ ಪ್ರಾಣಿಯ ಚಿತ್ರವನ್ನು ನಾಲ್ಕು ಜನಕ್ಕೆ ಕಳುಹಿಸುವ ಮೊದಲು ಅದನ್ನು ತೆಗೆದುಹಾಕಬೇಕು. ಇಲ್ಲವಾದರೆ ಬೇಟೆಗಾರನಿಗೂ ನಾವೇ ವಿಳಾಸ ಕೊಟ್ಟಂತಾಗುವುದು.

ಸತ್ಯದ ವಿಷಯವನ್ನೂ ಹೇಳಬೇಕು. ೨೦೧೭ರಲ್ಲಿ ಲಂಡನ್ನಿನ ಪ್ರಸಿದ್ಧ ಸ್ಪರ್ಧೆಯೊಂದರಲ್ಲಿ, ರಾತ್ರಿಯಲ್ಲಿ ಮಿನುಗುವ ಗೆದ್ದಲಹುತ್ತದ ಬಳಿಗೆ ಇರುವೆಬಾಕವು ಬರುತ್ತಿರುವ ಚಿತ್ರಕ್ಕೆ ಬಹುಮಾನ ಬಂದಿತು. ಮರು ವರ್ಷ ಪರಿಣತರು ಪರೀಕ್ಷಿಸಿ, ಅದು ಜೀವಂತ ಪ್ರಾಣಿಯಲ್ಲ, ಹೊಟ್ಟು ತುಂಬಿದ ಚರ್ಮವೆಂದು ತೀರ್ಮಾನಿಸಿದರು. ತೆಗೆದವರು ಅಲ್ಲಗಳೆದರೂ ಬಹುಮಾನವನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಕಿಯರ್ಟನ್ ಸಹೋದರರ ಎತ್ತೂ ಜೀವವಿಲ್ಲದ ಚರ್ಮವೇ. ಆದರೆ ಅದು ಕ್ಯಾಮರಾದ ಹಿಂದೆ ಇದ್ದಿತು. ಇದು ಕ್ಯಾಮರಾದ ಮುಂದೆ ಬಂದಿತು. ಛಾಯಾಚಿತ್ರಕಾರರ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು ೨೦೧೫ರಿಂದ ಸಮಾನವಾಗಿ ಒಪ್ಪಿಕೊಂಡಿರುವ ನಿಯಮದಲ್ಲಿಯೂ ಪ್ರಾಣಿಯ ಕ್ಷೇಮವು ಚಿತ್ರಕ್ಕಿಂತ ಮೇಲೆಂದೂ, ಇದ್ದುದನ್ನು ಅಳಿಸುವುದೂ ಇಲ್ಲದುದನ್ನು ಸೇರಿಸುವುದೂ ಕೂಡದೆಂದೂ ಇದೆ. ರೆಂಬೆಯನ್ನು ಕತ್ತರಿಯಿಂದ ತೆಗೆದರೂ ಅಳಿಸುವಿಕೆಯೇ. ಕಂಪ್ಯೂಟರಿನಿಂದ ತೆಗೆದರೂ ಅಳಿಸುವಿಕೆಯೇ. ಎರಡನೆಯದರಿಂದ ಹಕ್ಕಿಗೆ ನೋವಿಲ್ಲ, ಅಷ್ಟೇ ಭೇದ.

ಕಟ್ಟಕಡೆಗೆ ಮನೆವಾರ್ತೆಯ ಒಂದು ಮಾತು. ಈಗಿರುವ ಸಣ್ಣ ಲೆನ್ಸಿಗೂ ಮಲೆನಾಡಿನಲ್ಲಿ ಒಬ್ಬ ಶತ್ರುವುಂಟು: ಬೂಷ್ಟು. ಜೂನಿನಿಂದ ನಾಲ್ಕು ತಿಂಗಳು ಉಪ್ಪಿನಕಾಯಿ ಭರಣಿಯ ಬಾಯಿಗೆ ಬರುವಂತೆ ಅದು ಗಾಜಿನ ಒಳಮೈಗೂ ಬಂದು, ಜೇಡರ ಬಲೆಯಂತೆ ಹಬ್ಬಿ, ಗಾಜಿನ ಲೇಪವನ್ನೇ ತಿನ್ನುವುದು. ಚರ್ಮದ ಚೀಲದಲ್ಲಾಗಲಿ ಬಟ್ಟೆಯ ಬೀರುವಿನಲ್ಲಾಗಲಿ ಇಡಬಾರದು. ಮೆಣಸು ಒಣಗುವ ಜಾಗವೆಂದು ಬಚ್ಚಲೊಲೆಯ ಅಟ್ಟದ ಮೇಲೂ ಇಡಬಾರದು. ಹೊಗೆಯ ಜಿಡ್ಡೂ ಬಿಸಿಯೂ ಬೂಷ್ಟಿಗಿಂತ ಹೆಚ್ಚಿನ ಕೇಡು ಮಾಡುವುವು. ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಎಂಬ ಹರಳುಗಳ ಪೊಟ್ಟಣವನ್ನಿಟ್ಟು, ಅದರ ಜೊತೆಗೆ ಕ್ಯಾಮರಾವನ್ನಿಡಬೇಕು. ನೀಲಿ ಹರಳುಗಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಹಳೆಯ ಬಾಣಲೆಯೊಂದರಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿದರೆ ಮರಳಿ ನೀಲಿಯಾಗುವುವು. ಆ ನೀಲಿಯ ಬಣ್ಣವು ವಿಷವಾದುದರಿಂದ ಹರಳುಗಳನ್ನು ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು. ಆ ಬಾಣಲೆಯನ್ನು ಒಗ್ಗರಣೆಗೆ ಮತ್ತೆ ತರಬಾರದು.