ಸಾಕಿದ ಕೋಳಿಗೆ ಅಕ್ಕಿ ಹಾಕಿದರೆ ಹೊಟ್ಟೆ ಒಡೆಯುತ್ತದೆಯೇ? ನಿಜವಾದ ಅಪಾಯ ಎಲ್ಲಿದೆ?

ಹಸಿ ಅಕ್ಕಿ ತಿಂದರೆ ಅದು ಹೊಟ್ಟೆಯೊಳಗೆ ಉಬ್ಬಿ ಹಕ್ಕಿಗಳು ಸಾಯುತ್ತವೆ ಎಂಬ ಮಾತನ್ನು ನೀವೂ ಕೇಳಿರಬಹುದು. ವಿದೇಶದ ಮದುವೆಗಳಲ್ಲಿ ವಧು-ವರರ ಮೇಲೆ ಅಕ್ಕಿ ಎರಚುವ ಪದ್ಧತಿಗೆ ಅಂಟಿಕೊಂಡು ಬಂದ ನಂಬಿಕೆ ಇದು. ಅಕ್ಷತೆ ಹಾಕುವ ನಮಗೂ, ಮನೆಯಲ್ಲಿ ನಾಲ್ಕು ಕೋಳಿ ಸಾಕಿದವರಿಗೂ ಇದನ್ನು ಓದಿದರೆ ಗಾಬರಿಯಾಗುವುದು ಸಹಜ.

ಆದರೆ ಇದು ಸುಳ್ಳು. ಅಕ್ಕಿ ಅನ್ನವಾಗಿ ಅರಳುವುದು ಕುದಿಯುವ ನೀರಿನಲ್ಲಿ. ಕೋಳಿ ನುಂಗಿದ ಕಾಳು ಮೊದಲು ಕುತ್ತಿಗೆಯ ಬುಡದ ಚೀಲದಲ್ಲಿ ನೆನೆಯುತ್ತದೆ, ನಂತರ ಗಿಝಾರ್ಡ್ ಎಂಬ ಗಟ್ಟಿ ಸ್ನಾಯುವಿನ ಅಂಗಕ್ಕೆ ಹೋಗುತ್ತದೆ. ಹಲ್ಲಿಲ್ಲದ ಕೋಳಿ ಹೆಕ್ಕಿ ನುಂಗಿದ ಸಣ್ಣ ಕಲ್ಲುಗಳೇ ಅಲ್ಲಿ ಕಾಳನ್ನು ಅರೆಯುತ್ತವೆ. ಭತ್ತದ ಗದ್ದೆಗೆ ಮುತ್ತುವ ಗಿಳಿಗಳ ಹೊಟ್ಟೆ ಒಡೆಯುವಂತಿದ್ದರೆ ರೈತರು ಅವನ್ನು ಓಡಿಸಬೇಕಾಗಿಯೇ ಇರಲಿಲ್ಲ!

ಹಾಗಾದರೆ ಎಷ್ಟು ಬೇಕಾದರೂ ಹಾಕಬಹುದೇ? ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ.

ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಲೇಯರ್ ಫೀಡ್ ಕೊಟ್ಟರೆ ಅದರಲ್ಲಿ 4 ಗ್ರಾಂನಷ್ಟು ಕ್ಯಾಲ್ಸಿಯಂ ಸಿಗುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಈಗ ಪ್ರೀತಿಯಿಂದ 50 ಗ್ರಾಂ ಅಕ್ಕಿ ಹಾಕಿದಿರಿ ಎಂದುಕೊಳ್ಳಿ. ಹೊಟ್ಟೆ ತುಂಬಿದ ಕೋಳಿ ಫೀಡ್ ಅರ್ಧಕ್ಕೇ ಬಿಡುತ್ತದೆ, ಕ್ಯಾಲ್ಸಿಯಂ ಕೂಡ ಅರ್ಧವಾಗುತ್ತದೆ. ಉಳಿದದ್ದನ್ನು ಕೋಳಿ ತನ್ನ ಮೂಳೆಯಿಂದ ತೆಗೆದು ಚಿಪ್ಪಿಗೆ ಹಾಕುತ್ತದೆ. ದಿನವೂ ಇದೇ ನಡೆದರೆ ಚಿಪ್ಪು ತೆಳ್ಳಗಾಗುತ್ತದೆ, ಕಾಲು ಸೋಲುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಎನ್ನುವವರಿಗೆ: 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ. ನಮಗೆ ಅದು ದೊಡ್ಡದು, ಕೋಳಿಗೆ ಸಾಲದು.

ಅದಕ್ಕೇ ಇಂಥ ತಿಂಡಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರಬಾರದು ಎನ್ನುತ್ತಾರೆ. ಅಂದರೆ ಒಂದು ಕೋಳಿಗೆ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ಕಾಳು. ಅದನ್ನೂ ಸಂಜೆ, ಫೀಡ್ ತಿಂದ ಮೇಲೆ ಹಾಕಿದರೆ ಒಳ್ಳೆಯದು. ಗೂಡಿಗೆ ಸೇರಿಸುವುದೂ ಸುಲಭವಾಗುತ್ತದೆ.

"ನಮ್ಮಜ್ಜಿ ನುಚ್ಚು ಹಾಕಿಯೇ ಸಾಕಿದ್ದರು" ಎಂದರೆ ಅದೂ ನಿಜವೇ. ಆದರೆ ಅಜ್ಜಿಯ ನಾಟಿ ಕೋಳಿ ದಿನವಿಡೀ ತಿಪ್ಪೆ ಕೆದರಿ ಹುಳ, ಸೊಪ್ಪು, ಸುಣ್ಣದ ಚೂರು ಹೆಕ್ಕುತ್ತಿತ್ತು, ವರ್ಷಕ್ಕೆ ಇಡುತ್ತಿದ್ದುದು 60-80 ಮೊಟ್ಟೆ. 300ರ ಹತ್ತಿರ ಮೊಟ್ಟೆ ಇಡುವ ತಳಿಯನ್ನು ತಾರಸಿಯ ಗೂಡಿನಲ್ಲಿಟ್ಟು ಅದೇ ನುಚ್ಚಿನಲ್ಲಿ ಸಾಕಲಾಗದು.

ಬೂಷ್ಟು ಹಿಡಿದದ್ದು ಕೋಳಿಗಲ್ಲ

ನಮ್ಮ ಪ್ರಕಾರ ಫಾರ್ವರ್ಡ್ ಆಗಬೇಕಾದ ವಿಷಯ ಇದು. ಹಾಳಾದ ಕಡಲೆಕಾಯಿ, ಬೂಷ್ಟು ಬಂದ ಮುಸುಕಿನ ಜೋಳ, ಹಳಸಿದ ರೊಟ್ಟಿಯನ್ನು "ಎಸೆಯುವ ಬದಲು ಕೋಳಿಗಾದರೂ ಆಗಲಿ" ಎಂದು ಹಾಕುವವರು ಬಹಳ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಅದರಲ್ಲಿ ಬೆಳೆದಿದ್ದ ಶಿಲೀಂಧ್ರದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಆಮೇಲೆ. ಇದು ಯಕೃತ್ತನ್ನು ಹಾಳುಮಾಡುತ್ತದೆ. ತೊಳೆದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮರಿಗಳಿಗಂತೂ ಅಪಾಯ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಫೀಡ್ ಚೀಲವನ್ನೂ ಒಮ್ಮೆ ಮೂಸಿ ನೋಡಿ.

ಇನ್ನು ಬಟರ್ ಫ್ರೂಟ್, ಚಾಕೊಲೇಟ್, ಹಸಿರಾದ ಆಲೂಗಡ್ಡೆ ಸಿಪ್ಪೆ, ಬೇಯಿಸದ ರಾಜ್ಮಾ ಬೇಡ. ಉಪ್ಪಿನಕಾಯಿ, ಚಿಪ್ಸ್‌ನಂಥ ಉಪ್ಪಿನ ಪದಾರ್ಥವೂ ಬೇಡ. ಸೊಪ್ಪು, ಸೌತೆಕಾಯಿ, ಕುಂಬಳಕಾಯಿಯ ತಿರುಳು ಸ್ವಲ್ಪ ಕೊಡಬಹುದು. ಮೆಣಸಿನಕಾಯಿ ಕುಕ್ಕಿದರೆ ಹೆದರಬೇಡಿ, ಹಕ್ಕಿಗಳಿಗೆ ಖಾರ ಹತ್ತುವುದೇ ಇಲ್ಲ.

ಮೊಟ್ಟೆಯ ಚಿಪ್ಪು ಹಾಕಿದರೆ ಕೋಳಿ ತನ್ನ ಮೊಟ್ಟೆಯನ್ನೇ ಕುಕ್ಕಿ ತಿನ್ನಲು ಕಲಿಯುತ್ತದೆ ಎಂಬ ಭಯ ಹಲವರಿಗಿದೆ. ಚಿಪ್ಪನ್ನು ತೊಳೆದು, ಒಣಗಿಸಿ, ಬಿಸಿ ಮಾಡಿ, ಮೊಟ್ಟೆಯ ಗುರುತೇ ಸಿಗದಂತೆ ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ. ತನಗೆ ಬೇಕಾದಷ್ಟನ್ನು ಕೋಳಿಯೇ ತಿನ್ನುತ್ತದೆ.