ಜಠರಕ್ಕೊಂದು ಬಳೆ

ಮಕ್ಕಳೇ, ಕೈಗೆ ತೊಡುವ ಬಳೆ ಗೊತ್ತು. ಜಠರಕ್ಕೂ ಬಳೆ ತೊಡಿಸುತ್ತಾರೆ, ಗೊತ್ತೆ? ತೂಕ ಇಳಿಸಲು ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿ ಸುತ್ತಿ, ಚರ್ಮದ ಅಡಿಯಲ್ಲಿ ಒಂದು ಬಿಲ್ಲೆ ಇಡುತ್ತಾರೆ. ಅದರೊಳಗೆ ಸೂಜಿಯಿಂದ ಸಲೈನ್ ತುಂಬಿದರೆ ಪಟ್ಟಿ ಬಿಗಿಯಾಗಿ, ನಾಲ್ಕು ತುತ್ತಿಗೇ ಸಾಕೆನಿಸುತ್ತದೆ.

ಗುಂಡ್ಲುಪೇಟೆಯಲ್ಲಿರುವ ನನ್ನ ತಂಗಿಯ ಮಗಳು ಆರು ವರ್ಷದ ಹಿಂದೆ ಇದನ್ನು ಹಾಕಿಸಿಕೊಂಡಳು. ಆಗ 118 ಕೆ.ಜಿ., ಈಗ 109. ಮುದ್ದೆ ಎದೆಯಲ್ಲೇ ನಿಲ್ಲುತ್ತದೆ, ಪಾಯಸ ಸಲೀಸಾಗಿ ಇಳಿಯುತ್ತದೆ. ಪಟ್ಟಿಗೆ ಸೊಪ್ಪು, ಸಕ್ಕರೆ ಎಂಬ ಭೇದವಿಲ್ಲವಲ್ಲ! 'ಬಾಯಿ ಕಟ್ಟಲಿಲ್ಲ' ಎಂದು ನೆಂಟರು ಆಡಿಕೊಂಡರು. ಅಜ್ಜಿಯರೇ, ಆ ಮಾತು ನನಗೆ ಹಿಡಿಸಲಿಲ್ಲ. ಪಟ್ಟಿ ಅತಿ ಬಿಗಿಯಾದರೂ ಗಟ್ಟಿ ಊಟ ಇಳಿಯದೆ ಜನ ಸಿಹಿಯ ಕಡೆ ವಾಲುತ್ತಾರೆ.

ಪಟ್ಟಿ ತೆಗೆಸಿ ಎರಡನೇ ಆಪರೇಷನ್ ಮಾಡಿಸಬಹುದು ಎಂದು ವೈದ್ಯರು ಹೇಳಿದ ಮೇಲೆ, ಚಾಮರಾಜನಗರದ ನಮ್ಮ ಮನೆಗೆ ಬಂದಳು. "ಏನ್ ಮಾಡ್ಲಿ ಮಾವ?"

ಬ್ಯಾಂಕ್ ಗುಮಾಸ್ತನ ಚಾಳಿ, ಹಾಳೆಯ ನಡುವೆ ಗೆರೆ ಎಳೆದೆ. ಒಂದು ಕಡೆ ಅವಳ ಸಕ್ಕರೆ ಕಾಯಿಲೆ, ಮಂಡಿನೋವು. ಇನ್ನೊಂದು ಕಡೆ: ಸ್ಲೀವ್ ಮಾಡಿಸಿದರೆ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರೆ, ಮತ್ತೆ ಜೋಡಿಸುವಂತಿಲ್ಲ. ಬೈಪಾಸ್ ಆದರೆ ಜೀವನಪೂರ್ತಿ ವಿಟಮಿನ್ ಗುಳಿಗೆ. ಹಳೆಯ ಗಾಯದ ಮೇಲೆ ಮಾಡುವುದರಿಂದ ಅಪಾಯವೂ ಮೊದಲಿಗಿಂತ ಹೆಚ್ಚು.

"ಪಟ್ಟಿ ಜಾರಿದೆಯಾ ಅಂತ ನೋಡಿಸಿದ್ದೀಯೇನವ್ವ?"

"ಇಲ್ಲ ಮಾವ."

ಆಪರೇಷನ್ ಮಾತು ಆಮೇಲೆ ಎಂದಳು. ಸೋಮವಾರ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಲು ಮೈಸೂರಿಗೆ ಹೊರಟಿದ್ದಾಳೆ. ನಾನೂ ಜೊತೆಗೆ ಹೋಗುತ್ತೇನೆ.