ಕಿರಿಯರ ಮೋಟಾರು ಪಂದ್ಯ: ಹೊಸ ಋತುವಿಗೆ ಮುಂಚೆ

ನಮ್ಮ ಕಗ್ಗದಾಸಪುರದ ಗೃಹಸ್ಥರಿಗೆ ಮೋಟಾರೆಂಬ ಮಾತು ಕಿವಿಗೆ ಬಿದ್ದೊಡನೆ ಮುಖ್ಯರಸ್ತೆಯ ಇಕ್ಕಟ್ಟು, ಹಾರನ್ನಿನ ಕೂಗು, ಮಕ್ಕಳನ್ನು ಕೈಹಿಡಿದು ರಸ್ತೆ ದಾಟಿಸುವ ಕಷ್ಟ, ಇವೇ ನೆನಪಿಗೆ ಬರುವುವು. ಅಂತಹ ಊರಿನಿಂದ ಬರೆಯುತ್ತ ಈ ಮಾಸದ ಅಂಕಣವನ್ನು ಮೋಟಾರು ಪಂದ್ಯಕ್ಕೆ ಮೀಸಲಿಡುವೆವೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಆದರೆ ಮನೆಯಲ್ಲಿ 13–14 ವರ್ಷದ ಮಕ್ಕಳುಳ್ಳ ವಾಚಕರಿಗೆ ಈ ವಿಷಯವು ಅಪರಿಚಿತವಾಗಿರಲಾರದು. ಊಟದ ವೇಳೆಯಲ್ಲಿ ಮಗನು, ಇಲ್ಲವೆ ಮಗಳು, “ಮುಂದಿನ ಋತುವಿಗೆ ನನ್ನನ್ನು ಫಾರ್ಮುಲಾ 4ಕ್ಕೆ ಸೇರಿಸಿ, ಅಪ್ಪಾ” ಎಂದು ಕೇಳುವುದುಂಟು. ತಂದೆಯು ನಕ್ಕು ಸುಮ್ಮನಾಗುವನು. ತಾಯಿಯು ಬೆಚ್ಚಿ ಗದರಿಸುವಳು. ಕೇಳಿದ ಮಗುವಿಗೆ ಇವೆರಡರಿಂದಲೂ ಸಮಾಧಾನವಾಗದು. ತಿಳಿದು ಒಪ್ಪುವುದಕ್ಕಾಗಲಿ ತಿಳಿದು ಬೇಡವೆನ್ನುವುದಕ್ಕಾಗಲಿ ಹಿರಿಯರಿಗೆ ಕೆಲವು ಸಂಗತಿಗಳು ಗೊತ್ತಿರಬೇಕು. ಅವನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಫಾರ್ಮುಲಾ 4 ಎಂಬುದು ಒಂಟಿ ಆಸನದ, ಚಕ್ರಗಳು ಹೊರಗೆ ಕಾಣುವ, ಮೇಲೆ ಚಾವಣಿಯಿಲ್ಲದ ಪಂದ್ಯದ ಗಾಡಿಗಳಲ್ಲಿ ಕಿರಿಯರದು. ಜಗತ್ತಿನ ಮೋಟಾರು ಕ್ರೀಡೆಯನ್ನು ಆಳುವ ಎಫ್‌ಐಎ ಮಂಡಲಿಯು, ಕಾರ್ಟ್ ಎಂಬ ಪುಟ್ಟ ಗಾಡಿಗಳಲ್ಲಿ ಪಳಗಿದ ಹುಡುಗರಿಗೆ ಮೊದಲ ಮೆಟ್ಟಿಲಾಗಲೆಂದು ಇದನ್ನು ಏರ್ಪಡಿಸಿತು. 2014ರಲ್ಲಿ ಇಟಲಿಯಲ್ಲಿ ಇದರ ಓಟಗಳು ನಡೆದುವು. ಬಳಿಕ ದೇಶದೇಶಗಳಿಗೆ ಹಬ್ಬಿತು. ನಮ್ಮ ದೇಶದಲ್ಲಿ ಮೊದಲ ಋತು ಜರುಗಿದುದು 2023ರಲ್ಲಿ. ಫ್ರಾನ್ಸಿನ ಮಿಗಾಲ್ ಕಾರ್ಖಾನೆಯಿಂದ ಬಂದ ಗಾಡಿಗಳು. ಎಂಜಿನು, ಟೈರು ಎಲ್ಲರಿಗೂ ಒಂದೇ ಬಗೆಯವು. ಹಣವಂತನ ಮಗನು ಹೆಚ್ಚಿನ ಎಂಜಿನನ್ನು ಕೊಂಡು ಗೆಲ್ಲಬಾರದೆಂಬುದೇ ಈ ಕಟ್ಟಳೆಯ ಉದ್ದೇಶ.

2024ರಲ್ಲಿಯೂ 2025ರಲ್ಲಿಯೂ ಋತುವು ಆಗಸ್ಟ್ ತಿಂಗಳಿನಲ್ಲಿ ಪ್ರಾರಂಭವಾಯಿತು. ಆದರೆ ಪ್ರಕಟವಾದ ತೇದಿಯನ್ನು ಪಂಚಾಂಗದ ತಿಥಿಯಂತೆ ನಂಬತಕ್ಕುದಲ್ಲ. ಚೆನ್ನೈ ನಗರದ ಬೀದಿಗಳಲ್ಲಿ 2023ರ ಡಿಸೆಂಬರಿನಲ್ಲಿ ನಡೆಯಬೇಕಾಗಿದ್ದ ರಾತ್ರಿಯೋಟವು ಮಿಚಾಂಗ್ ಚಂಡಮಾರುತದಿಂದ ನಿಂತುಹೋಗಿ, 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಐಲೆಂಡ್ ಮೈದಾನದ ಸುತ್ತ ನಡೆಯಿತು. ಆದಕಾರಣ ಮಗುವಿನ ಪರೀಕ್ಷೆ, ಮನೆಯ ಶುಭಕಾರ್ಯ ಮೊದಲಾದುವನ್ನು ಗೊತ್ತುಪಡಿಸುವಾಗ ಪಂದ್ಯದ ತೇದಿಗಳ ಹಿಂದೆಮುಂದೆ ಸ್ವಲ್ಪ ಬಿಡುವಿರಿಸಿಕೊಳ್ಳುವುದು ಮೇಲು.

ಬೆಂಗಳೂರಿನ ಹೆಸರು ಈ ಪಂದ್ಯಗಳಲ್ಲಿ ಚೆನ್ನಾಗಿ ಕೇಳಿಬರುತ್ತದೆ. 2025ರಲ್ಲಿ ಚಿತ್ರನಟ ಸುದೀಪರು ಬೆಂಗಳೂರಿನ ಹೆಸರಿನ ತಂಡವೊಂದರ ಒಡೆತನವನ್ನು ವಹಿಸಿದರು. ನಗರದ ಸುತ್ತ ಕಾರ್ಟ್ ಓಡಿಸುವ ಅಂಗಣಗಳೂ ಇವೆ. ಆದರೆ 2023 ಮತ್ತು 2024ರ ಓಟಗಳೆಲ್ಲ ನಡೆದುದು ನೆರೆಯ ತಮಿಳುನಾಡಿನಲ್ಲಿ: ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟುಕೋಟೆಯ ಅಂಗಣದಲ್ಲಿ, ಚೆನ್ನೈ ಬೀದಿಯಲ್ಲಿ, ಕೊಯಮತ್ತೂರಿನ ಕರಿ ಅಂಗಣದಲ್ಲಿ. ಕೊನೆಯದಕ್ಕೆ ಆ ಹೆಸರು ಬಂದುದು ಕರಿವರ್ಧನ್ ಎಂಬವರಿಂದ. 1980ರ ದಶಕದ ಕೊನೆಯಲ್ಲಿ ಅವರು ಮಾರುತಿ 800 ಗಾಡಿಯ ಎಂಜಿನನ್ನೇ ಬಳಸಿ ಅಗ್ಗದ ಒಂಟಿ ಆಸನದ ಗಾಡಿಯನ್ನು ನಿರ್ಮಿಸಿ, ಸಾಧಾರಣ ಅನುಕೂಲವುಳ್ಳ ಹುಡುಗರಿಗೂ ಈ ಬಾಗಿಲನ್ನು ತೆರೆದರು. ನಾರಾಯಣ್ ಕಾರ್ತಿಕೇಯನ್ ಆ ಗಾಡಿಗಳಲ್ಲಿಯೇ ಮೊದಲು ಪಳಗಿ, 2005ರಲ್ಲಿ ಫಾರ್ಮುಲಾ 1ರಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು.

ಈಗ ಮೆಟ್ಟಿಲುಗಳ ಲೆಕ್ಕವನ್ನು ನೋಡೋಣ. ಕಾರ್ಟ್, ಅದರ ಮೇಲೆ ಫಾರ್ಮುಲಾ 4, ಅನಂತರ ಪ್ರಾದೇಶಿಕ ಪಂದ್ಯ, ಫಾರ್ಮುಲಾ 3, ಫಾರ್ಮುಲಾ 2, ತುದಿಯಲ್ಲಿ ಫಾರ್ಮುಲಾ 1. ತುದಿಯನ್ನೇರಲು ಬೇಕಾದ ವಿಶೇಷ ಪರವಾನಗಿಗೆ ಸಾಮಾನ್ಯವಾಗಿ ವಯಸ್ಸು 18 ತುಂಬಿರಬೇಕು. ಮೂರು ಋತುಗಳೊಳಗೆ 40 ಅಂಕ ಕೂಡಿರಬೇಕು. ಫಾರ್ಮುಲಾ 4ರಲ್ಲಿ ಪ್ರಥಮನಾದವನಿಗೆ ಅದರಲ್ಲಿ ದೊರೆಯುವುದು 12. ಹೀಗೆ ಏರಿದರೂ ಮೇಲೆ ಇರುವುದು 2026ರಿಂದ 11 ತಂಡಗಳ 22 ಆಸನಗಳು ಮಾತ್ರ. ನಮ್ಮ ದೇಶದಿಂದ ಅಲ್ಲಿ ಸ್ಪರ್ಧಿಸಿದವರು ಇಬ್ಬರೇ. ಎರಡನೆಯವರಾದ ಕರುಣ್ ಚಾಂಡೋಕ್ ಅಲ್ಲಿಗೆ ಸೇರಿದುದು 2010ರಲ್ಲಿ.

ನಮ್ಮ ಬೆಂಗಳೂರಿನ ಮೈನಿ ಸಹೋದರರ ಚರಿತ್ರೆಯಿಂದ ಈ ಏಣಿಯ ಉದ್ದವು ಸ್ಪಷ್ಟವಾಗುವುದು. ಹಿರಿಯನಾದ ಅರ್ಜುನ್ ಮೈನಿ 2014ರಲ್ಲಿ ಬ್ರಿಟನ್ನಿನ ಫಾರ್ಮುಲಾ 4 ಪಂದ್ಯಮಾಲೆಯಲ್ಲಿ ಎರಡನೆಯವನಾದನು. ಅಂದು ಅವನನ್ನು ಹಿಂದಿಕ್ಕಿದ ಜಾರ್ಜ್ ರಸೆಲ್ ಮುಂದೆ ಫಾರ್ಮುಲಾ 1ರ ವಿಜೇತನಾದನು. ಅರ್ಜುನನು 2018ರಲ್ಲಿ ಫಾರ್ಮುಲಾ 2ರವರೆಗೆ ಏರಿ, ಬಳಿಕ ಜರ್ಮನಿಯ ಮುಚ್ಚುಗಾಡಿಗಳ ಪಂದ್ಯದಲ್ಲಿ ಜೀವನವನ್ನು ಕಂಡುಕೊಂಡನು. ಕಿರಿಯನಾದ ಕುಶ್ ಮೈನಿ 2020ರಲ್ಲಿ ಬ್ರಿಟಿಷ್ ಫಾರ್ಮುಲಾ 3ರಲ್ಲಿ ದ್ವಿತೀಯನಾಗಿ, 2023ರಲ್ಲಿ ಫಾರ್ಮುಲಾ 2ನ್ನು ಸೇರಿ, 2025ರ ಮೇ ತಿಂಗಳಿನಲ್ಲಿ ಮೊನಾಕೋ ನಗರದ ಬೀದಿಯೋಟದಲ್ಲಿ ಗೆದ್ದನು. ಇಬ್ಬರೂ ಉದ್ಯಮಿಗಳ ಮನೆತನದವರು. ಪ್ರತಿಭೆ, ಪರಿಶ್ರಮ, ಅನುಕೂಲ ಮೂರೂ ಕೂಡಿದ ಮನೆಯಲ್ಲಿಯೇ ದಾರಿ ಇಷ್ಟು ದೂರವಿರುವಾಗ, ಸಂಬಳದ ಮೇಲೆ ನಡೆಯುವ ಸಂಸಾರವು ಮೊದಲೇ ಲೆಕ್ಕ ಹಾಕಬೇಕಾದುದು ಅವಶ್ಯ.

ಹಣದ ಮಾತು ಹೀಗಿದೆ. ಕ್ರಿಕೆಟ್ಟಿನಲ್ಲಿ ತಂಡವು ಆಟಗಾರನಿಗೆ ಸಂಬಳ ಕೊಡುವುದು. ಇಲ್ಲಿಯಾದರೋ ಕಿರಿಯ ಸ್ಪರ್ಧಿಯ ಮನೆಯವರು, ಇಲ್ಲವೆ ಅವನಿಗೆ ಬೆಂಬಲ ಕೊಡುವ ವ್ಯಾಪಾರ ಸಂಸ್ಥೆಯವರು, ತಂಡಕ್ಕೆ ಹಣ ತೆರುವುದೇ ವಾಡಿಕೆ. ಋತುವಿನ ಶುಲ್ಕವೊಂದೇ ವೆಚ್ಚವಲ್ಲ. ಅಭ್ಯಾಸದ ದಿನಗಳು, ಟೈರುಗಳು, ಬೆಂಕಿ ತಾಗದ ಉಡುಪು, ಶಿರಸ್ತ್ರಾಣ, ಪ್ರಯಾಣ, ವಸತಿ ಇವೆಲ್ಲ ಸೇರುವುವು. ಡಿಕ್ಕಿಯಲ್ಲಿ ಮುರಿದ ಭಾಗಗಳ ಬೆಲೆಯನ್ನು ಯಾರು ತೆರಬೇಕು, ಓಟವು ಮುಂದಕ್ಕೆ ಹೋದರೆ ಕೊಟ್ಟ ಹಣದ ಗತಿಯೇನು, ಮಗು ಕಾಯಿಲೆ ಬಿದ್ದರೆ ಏನು, ಈ ಮೂರು ಪ್ರಶ್ನೆಗಳಿಗೆ ಕರಾರು ಪತ್ರದಲ್ಲಿ ಬರಹದ ಉತ್ತರವಿಲ್ಲದೆ ಸಹಿ ಹಾಕತಕ್ಕುದಲ್ಲ.

ಹಣಕ್ಕಿಂತಲೂ ಕಠಿನವಾದುದು ವಯಸ್ಸಿನ ತೊಡಕು. ಫಾರ್ಮುಲಾ 4ಕ್ಕೆ ಕನಿಷ್ಠ ವಯಸ್ಸು 15. ನಮ್ಮ ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕುಳಿತುಕೊಳ್ಳುವುದೂ ಸರಿಸುಮಾರು ಅದೇ ವಯಸ್ಸಿನಲ್ಲಿ. ಆಗಸ್ಟಿನಿಂದ ವರ್ಷಾಂತ್ಯದವರೆಗೆ ಓಟ, ನಡುನಡುವೆ ಅಭ್ಯಾಸ, ಮಾರ್ಚಿ ತಿಂಗಳಿನ ಹೊತ್ತಿಗೆ ಪರೀಕ್ಷೆ! ಒಂದೇ ವರ್ಷದಲ್ಲಿ ಎರಡು ಕಡೆಗೂ ಪೂರ್ಣ ಮನಸ್ಸು ಕೊಡುವ ಮಗು ಅಪರೂಪ. ಈ ಪಂದ್ಯವು 15ನೆಯ ವರ್ಷಕ್ಕೆ ಮುಗಿದುಹೋಗುವುದಲ್ಲ. 16ರಲ್ಲಿಯೂ 17ರಲ್ಲಿಯೂ ಸೇರಬಹುದು. ಪರೀಕ್ಷೆಯ ವರ್ಷವನ್ನು ಕಾರ್ಟ್ ಅಭ್ಯಾಸದಲ್ಲಿಯೇ ಕಳೆದು, ಮುಂದಿನ ಋತುವಿಗೆ ಹೊರಡುವುದರಿಂದ ನಷ್ಟವು ಅಲ್ಪ. ಬೇಗ ಸೇರದಿದ್ದರೆ ಕಾಲ ಮೀರಿತೆಂದು ಅವಸರಪಡಿಸುವವರು ಯಾರಾದರೂ ಇದ್ದರೆ, ಅವರಿಗೆ ಅದರಿಂದ ಲಾಭವೇನೆಂಬುದನ್ನು ಮೊದಲು ವಿಚಾರಿಸಬೇಕು.

ಅಪಾಯದ ವಿಷಯವನ್ನು ಮರೆಮಾಚುವುದು ವಾಚಕರಿಗೆ ದ್ರೋಹ ಮಾಡಿದಂತೆ. 2017ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್ ಅಂಗಣದಲ್ಲಿ ನಡೆದ ಫಾರ್ಮುಲಾ 4 ಓಟದಲ್ಲಿ ಬಿಲ್ಲಿ ಮಾಂಗರ್ ಎಂಬ 17 ವರ್ಷದ ಹುಡುಗನು ಮುಂದೆ ನಿಂತುಹೋಗಿದ್ದ ಗಾಡಿಗೆ ಬಡಿದು ಎರಡು ಕಾಲುಗಳನ್ನೂ ಕಳೆದುಕೊಂಡನು. 2023ರ ಆಗಸ್ಟ್ 5ರಂದು, ನಾವು ಮೇಲೆ ಹೇಳಿದ ಇರುಂಗಾಟುಕೋಟೆಯ ಅಂಗಣದಲ್ಲಿಯೇ, ಮೋಟಾರುಸೈಕಲ್ ಪಂದ್ಯದಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಬಾಲಕನೊಬ್ಬನು ಬಿದ್ದು ಪ್ರಾಣ ಬಿಟ್ಟನು. ಮೋಟಾರುಸೈಕಲ್ಲಿನ ಅಪಾಯವೂ ನಾಲ್ಕು ಚಕ್ರದ ಗಾಡಿಯ ಅಪಾಯವೂ ಒಂದೇ ಬಗೆಯವಲ್ಲವೆಂಬುದು ನಿಜ. ಈಗಿನ ಫಾರ್ಮುಲಾ 4 ಗಾಡಿಗಳಲ್ಲಿ ಸವಾರನ ತಲೆಯ ಮುಂದೆ ಸುತ್ತುವರಿದ ‘ಹೇಲೋ’ ಎಂಬ ಲೋಹದ ಕಮಾನು ಇರುವುದು. ಇದು 2018ರಲ್ಲಿ ಫಾರ್ಮುಲಾ 1ಕ್ಕೆ ಬಂದು ಅನೇಕರ ಪ್ರಾಣ ಕಾಯಿತು. ಆದರೂ ಅಪಾಯವು ಕಡಮೆಯಾಗಿದೆಯೇ ಹೊರತು ಇಲ್ಲವಾಗಿಲ್ಲ. ಒಪ್ಪಿಗೆಯ ಪತ್ರಕ್ಕೆ ಸಹಿ ಮಾಡುವ ತಂದೆತಾಯಿಗಳಿಬ್ಬರೂ ಇದನ್ನು ತಿಳಿದೇ ಸಹಿ ಮಾಡಬೇಕು. ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಇನ್ನೊಬ್ಬರು ಬಲವಂತ ಮಾಡಬಾರದು.

ಇಷ್ಟೆಲ್ಲ ಇದ್ದರೆ ಮಗುವನ್ನು ಕಳುಹಿಸುವುದಾದರೂ ಏಕೆಂದು ಕೇಳಬಹುದು. ಈ ಆಟದಲ್ಲಿ ಕಲಿಯತಕ್ಕುದೊಂದಿದೆ. ಎಂಜಿನು ಒಂದೇ ಆಗಿರುವುದರಿಂದ ನೇರವಾದ ದಾರಿಯಲ್ಲಿ ಗಾಡಿಗಳೆಲ್ಲ ಹೆಚ್ಚುಕಡಮೆ ಸಮನಾಗಿ ಓಡುವುವು. ಹೆಚ್ಚು ಕಡಮೆಗಳು ಹುಟ್ಟುವುದು ತಿರುವಿಗೆ ಮುಂಚೆ, ಬ್ರೇಕಿನ ಮೇಲೆ. ಟೈರಿನ ಹಿಡಿತವು ತಿಂಗಳ ಸಂಬಳದಂತೆ. ಇಷ್ಟೇ ಎಂದು ಗೊತ್ತು. ಬ್ರೇಕಿಗೆ ವೆಚ್ಚ ಮಾಡಿದಷ್ಟು ತಿರುವಿಗೆ ಕಡಮೆಯಾಗುವುದು. ಆದಕಾರಣ ನೇರದಲ್ಲಿ ಬ್ರೇಕನ್ನು ಬಲವಾಗಿ ಒತ್ತಿ, ಚಕ್ರವನ್ನು ತಿರುಗಿಸುತ್ತ ಹೋದಂತೆ ಅದನ್ನು ಮೆಲ್ಲಮೆಲ್ಲನೆ ಸಡಿಲಿಸಬೇಕು. ದುರಾಸೆಯಿಂದ ತಡವಾಗಿ ಬ್ರೇಕು ಹಿಡಿದವನು ದಾರಿಯಿಂದ ಹೊರಗೆ ಜಾರುವನು. ಅಂಕಗಳ ಲೆಕ್ಕವೂ ಇದನ್ನೇ ಬೋಧಿಸುವುದು. ಪೂರ್ಣ ಅಂಕದ ಓಟದಲ್ಲಿ ಪ್ರಥಮನಿಗೆ 25, ದ್ವಿತೀಯನಿಗೆ 18, ತೃತೀಯನಿಗೆ 15. ಒಂದು ಓಟದಲ್ಲಿ ಗೆದ್ದು ಎರಡರಲ್ಲಿ ಗಾಡಿ ಮುರಿದುಕೊಂಡವನಿಗೆ 25 ಮಾತ್ರ. ಮೂರರಲ್ಲಿಯೂ ಮೂರನೆಯವನಾಗಿ ಮುಗಿಸಿದವನಿಗೆ 45.

ಇಂತಹ ಶಿಸ್ತು ಅಂಗಣದ ಗೋಡೆಯೊಳಗಿನದು. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುವರು. ಬಾವುಟ ಹಿಡಿದವರು, ವೈದ್ಯರು, ಬೆಂಕಿ ಆರಿಸುವವರು ಸಿದ್ಧರಾಗಿ ನಿಂತಿರುವರು. ಕಗ್ಗದಾಸಪುರದ ರಸ್ತೆಯಲ್ಲಿ ಶಾಲೆಯ ಮಕ್ಕಳು, ತರಕಾರಿಯ ಗಾಡಿ, ಕೆರೆಯ ಕಡೆಗೆ ವಾಯುಸೇವನೆಗೆ ಹೊರಟ ವೃದ್ಧರು ಇರುವರು. ಪಂದ್ಯದ ಪರವಾನಗಿಯು ರಸ್ತೆಯ ಪರವಾನಗಿಯಲ್ಲ. 18 ತುಂಬದ ಮಗುವಿನ ಕೈಗೆ ಮೋಟಾರು ಕೊಟ್ಟು, ಆ ಮಗುವಿನಿಂದ ಅಪರಾಧ ನಡೆದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾನೂನಿನಂತೆ ಪಾಲಕನಿಗೆ ಮೂರು ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಆಗಬಹುದು. ಗಾಡಿಯ ನೋಂದಣಿಯು 12 ತಿಂಗಳು ರದ್ದಾಗುವುದು. “ನಮ್ಮ ಹುಡುಗ ಪಂದ್ಯದಲ್ಲಿ ಓಡಿಸಿದವನು” ಎಂಬ ಮಾತು ನ್ಯಾಯಾಲಯದಲ್ಲಿ ನಡೆಯದು. ಅಂಗಣಕ್ಕೆ ಕಳುಹಿಸುವ ಮೊದಲ ಷರತ್ತಾಗಿ, 18 ತುಂಬಿ ಪರವಾನಗಿ ದೊರೆಯುವವರೆಗೆ ಬೀದಿಯಲ್ಲಿ ಗಾಡಿ ಮುಟ್ಟುವುದಿಲ್ಲವೆಂದು ಮಗುವಿನಿಂದ ಮಾತು ತೆಗೆದುಕೊಳ್ಳಬೇಕು.

ಹೆಣ್ಣುಮಕ್ಕಳಿಗೆ ಇದು ಸಲ್ಲದೆಂಬ ಎಣಿಕೆಯೂ ಬೇಡ. ಫಾರ್ಮುಲಾ 4ರಲ್ಲಿ ಗಂಡು ಹೆಣ್ಣೆಂಬ ಪ್ರತ್ಯೇಕ ಪಂಕ್ತಿಯಿಲ್ಲ. ಅಲ್ಲದೆ ತರುಣಿಯರಿಗಾಗಿಯೇ 2023ರಲ್ಲಿ ಎಫ್1 ಅಕಾಡೆಮಿ ಎಂಬ ಪಂದ್ಯಮಾಲೆಯು ಇದೇ ದರ್ಜೆಯ ಗಾಡಿಗಳಲ್ಲಿ ಪ್ರಾರಂಭವಾಗಿದೆ. ಗಾಡಿಯಲ್ಲಿ ಕುಳಿತುಕೊಳ್ಳುವವರು ಒಬ್ಬರಾದರೆ ಅದನ್ನು ನಡೆಸಲು ಬೇಕಾದವರು ಹಲವರು: ಯಂತ್ರ ಬಿಚ್ಚಿ ಜೋಡಿಸುವವರು, ಗಾಡಿಯೊಳಗಿನ ಮಾಪಕಗಳಿಂದ ಬಂದ ಅಂಕಿಗಳನ್ನು ಓದಿ ದೋಷ ಹೇಳುವವರು. ಪಕ್ಕದ ಸಿ. ವಿ. ರಾಮನ್ ನಗರದಲ್ಲಿ ವಿಮಾನದ ಎಂಜಿನುಗಳ ಸಂಶೋಧನಾಲಯವೇ ಇರುವಾಗ, ನಮ್ಮ ಕಡೆಯ ಮಕ್ಕಳಿಗೆ ಯಂತ್ರವಿದ್ಯೆಯ ಆಸೆ ಹುಟ್ಟಿಸುವುದು ಕಷ್ಟವಲ್ಲ. ಓಡಿಸುವ ಆಸೆ ಈಡೇರದ ಮಗುವಿಗೆ ಈ ದಾರಿಯು ತೆರೆದೇ ಇರುವುದು.

ಹೀಗೆ ಎಲ್ಲವನ್ನೂ ತೂಗಿ ನೋಡಿ ನಮ್ಮ ಸಲಹೆಯನ್ನು ಹೇಳುವೆವು. ಮೊದಲು ಒಂದು ವರ್ಷ ಕಾರ್ಟ್ ಅಂಗಣದಲ್ಲಿ ಓಡಲಿ. ಬಿಸಿಲಿನಲ್ಲಿ, ಸೋಲಿನಲ್ಲಿ, ಬೇಸರದಲ್ಲಿ ಆಸೆಯು ಉಳಿಯುವುದೇ ಎಂಬುದು ಅಲ್ಲಿಯೇ ತಿಳಿಯುವುದು. ಫಾರ್ಮುಲಾ 4ಕ್ಕೆ ಸೇರಿಸುವುದಾದರೆ ಋತುವಿಗೆ ಮುಂಚೆಯೇ ಮನೆಯವರೆಲ್ಲರೂ ಕುಳಿತು, ಎಷ್ಟು ಹಣದವರೆಗೆ, ಎಷ್ಟು ಋತುಗಳವರೆಗೆ ಎಂಬುದನ್ನು ಕಾಗದದ ಮೇಲೆ ಬರೆದಿಡಲಿ. ಆ ಮಿತಿಯನ್ನು ಮಗುವಿಗೂ ತೋರಿಸಲಿ. ಸಾಲ ಮಾಡಿ, ನಿವೇಶನ ಮಾರಿ, ತಂಗಿಯ ಓದಿಗೆಂದು ಇಟ್ಟ ಹಣ ತೆಗೆದು ಒಂದು ಮಗುವಿನ ವೇಗಕ್ಕೆ ಸುರಿಯುವುದು ನ್ಯಾಯವಲ್ಲ. ಆ ಭಾರವನ್ನು ಹೊತ್ತ ಮಗುವಿಗೆ ಬ್ರೇಕು ಹಿಡಿಯಲೂ ಧೈರ್ಯ ಬಾರದು. ಮಿತಿ ತಲಪಿದ ದಿನ ನಿಲ್ಲಿಸಬೇಕಾಗಿ ಬಂದರೆ ಅದನ್ನು ಸೋಲೆಂದು ಹಂಗಿಸಕೂಡದು. ಹೀಗೆ ಸಿದ್ಧರಾಗಿ ಈ ಋತುವಿಗೆ ಹೊರಡುವ ನಮ್ಮೂರ ಮಕ್ಕಳು ಗೆದ್ದರೂ ಸರಿ, ಗೆಲ್ಲದಿದ್ದರೂ ಸರಿ, ಕ್ಷೇಮವಾಗಿ ಮನೆಗೆ ಮರಳಲೆಂದು ಹಾರೈಸುತ್ತೇವೆ.